ಯಶವಂತ ಚಿತ್ತಾಲರ ಕಾದಂಬರಿಗಳಲ್ಲಿ ಸ್ವಾನುಭವದ ಸ್ಥಾನ

ಕುಮಟಾ ತಾಲೂಕಿನಲ್ಲಿ ದಕ್ಷಿಣಕ್ಕೆ ಅಘನಾಶಿನಿಯೂ ಉತ್ತರಕ್ಕೆ ಗಂಗಾವಳಿಯೂ ಸಮುದ್ರವನ್ನು ಸೇರುತ್ತವೆ. ಇವೆರಡರ ನಡುವಣ ಭೂಭಾಗವು ಮಿರ್ಜಾನದ ಕೋಟೆಯಿಂದಲೂ, ಗೋಕರ್ಣಕ್ಷೇತ್ರದಿಂದಲೂ, ಸಾಣಿಕಟ್ಟಾದ ಉಪ್ಪಿನಿಂದಲೂ ಬಹುಕಾಲದಿಂದ ಪ್ರಸಿದ್ಧವಾದುದು. ಕನ್ನಡ ಕಾದಂಬರಿಗಳ ವಾಚಕರಿಗಾದರೋ ಇದೇ ಪ್ರದೇಶದ ಹನೇಹಳ್ಳಿಯೆಂಬ ಸಣ್ಣ ಗ್ರಾಮವು ಇವೆಲ್ಲಕ್ಕಿಂತ ಹೆಚ್ಚು ಪರಿಚಿತವಾಗಿದೆ. ಇದಕ್ಕೆ ಕಾರಣರಾದವರು ಯಶವಂತ ಚಿತ್ತಾಲರು.

ಚಿತ್ತಾಲರು 1928ರ ಆಗಸ್ಟ್ 3ರಂದು ಹನೇಹಳ್ಳಿಯಲ್ಲಿ ಜನಿಸಿದರು. ಕವಿ ಗಂಗಾಧರ ಚಿತ್ತಾಲರು ಇವರ ಅಣ್ಣಂದಿರು. ಕುಮಟೆ, ಧಾರವಾಡ, ಮುಂಬಯಿಗಳಲ್ಲಿ ವಿದ್ಯಾಭ್ಯಾಸ ಮಾಡಿ, ಅನಂತರ ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ವ್ಯಾಸಂಗವನ್ನು ಮುಂದುವರಿಸಿದರು. ಪಾಲಿಮರ್ ವಿಜ್ಞಾನದಲ್ಲಿ ಪರಿಣತರಾಗಿ ಮುಂಬಯಿಯ ಉದ್ಯಮದಲ್ಲಿ ದೀರ್ಘಕಾಲ ದುಡಿದು, 2014ರ ಮಾರ್ಚ್ 22ರಂದು ದಿವಂಗತರಾದರು.

ಕಾವ್ಯದ ಹುಟ್ಟಿಗೆ ಪ್ರತಿಭೆಯೊಡನೆ ಲೋಕ, ಶಾಸ್ತ್ರ, ಕಾವ್ಯಗಳ ಅವಲೋಕನದಿಂದ ಬರುವ ನೈಪುಣ್ಯವೂ ಬೇಕೆಂದು ಮಮ್ಮಟನು ನಿರೂಪಿಸಿದ್ದಾನೆ. ಈ ಮಾತನ್ನು ಚಿತ್ತಾಲರಿಗೆ ಅನ್ವಯಿಸಿದರೆ, ಲೋಕವು ಹನೇಹಳ್ಳಿ ಮತ್ತು ಮುಂಬಯಿಯೆಂದು ಎರಡಾಗಿ ತೋರುತ್ತದೆ; ಶಾಸ್ತ್ರವು ರಸಾಯನವಾಗುತ್ತದೆ. ಈ ಎರಡು ಲೋಕಗಳ ಸಂಬಂಧವೆಂತಹದು ಎಂಬುದೇ ಇಲ್ಲಿಯ ವಿಚಾರಣೀಯ ವಿಷಯ.

ಹನೇಹಳ್ಳಿಯು ಬಾಲ್ಯದ ನಿರ್ಮಲ ಲೋಕವೆಂದೂ, ಮುಂಬಯಿಯು ಕ್ರೌರ್ಯದ ನೆಲೆಯೆಂದೂ, ಒಂದನ್ನು ಕಳೆದುಕೊಂಡು ಇನ್ನೊಂದರಲ್ಲಿ ಸಿಕ್ಕಿಬಿದ್ದವನ ಸಂಕಟವೇ ಈ ಸಾಹಿತ್ಯವೆಂದೂ ಹೇಳಬಹುದು. ಇದು ಮೇಲುನೋಟಕ್ಕೆ ಸಮಂಜಸವೆಂದೇ ತೋರುತ್ತದೆ. ಆದರೆ ಕೃತಿಗಳನ್ನು ಪರಿಶೀಲಿಸಿದರೆ ಈ ಪಕ್ಷವು ನಿಲ್ಲಲಾರದು.

ಅದೆಂತೆಂದರೆ, 1964ರ ‘ಮೂರು ದಾರಿಗಳು’ ಕಾದಂಬರಿಯ ವಸ್ತುವು ಗ್ರಾಮಜೀವನದ್ದೇ. ಅಲ್ಲಿ ನಿರ್ಮಲೆಯೆಂಬ ತರುಣಿಯ ಮೇಲೆ ಹಬ್ಬಿದ ಅಪವಾದವು ಅವಳ ಕುಟುಂಬದ ನೆಮ್ಮದಿಯನ್ನೇ ಕೆಡಿಸುತ್ತದೆ. ಕತ್ತಿಯೆತ್ತಿದವರು ಯಾರೂ ಇಲ್ಲ. ಬಾಯಿಂದ ಬಾಯಿಗೆ ಹೋದ ಮಾತೇ ಆಯುಧ. 1979ರ ‘ಶಿಕಾರಿ’ಯಲ್ಲಿ ಸ್ಥಳವು ಮುಂಬಯಿ, ಕಥಾನಾಯಕ ನಾಗಪ್ಪನು ರಾಸಾಯನಿಕ ಉದ್ಯಮವೊಂದರ ಅಧಿಕಾರಿ. ಅಮೆರಿಕಕ್ಕೆ ಹೊರಡುವ ಹೊತ್ತಿನಲ್ಲಿಯೇ ಅವನು ಕೆಲಸದಿಂದ ಅಮಾನತಿಗೆ ಒಳಗಾಗುತ್ತಾನೆ. ತನ್ನ ಅಪರಾಧವೇನೆಂಬುದು ಅವನಿಗೇ ಸ್ಪಷ್ಟವಿಲ್ಲ. ಇಲ್ಲಿಯೂ ಬೇಟೆಗಾರರು ಕೋವಿ ಹಿಡಿದು ಬರುವುದಿಲ್ಲ. ಸಂಶಯ, ಪಿಸುಮಾತು, ವಿಚಾರಣೆಗಳೇ ಬಲೆಯಾಗುತ್ತವೆ. ಗ್ರಾಮದ ಜಗಲಿಯಲ್ಲಿ ನಡೆದುದೇ ನಗರದ ಕಚೇರಿಯಲ್ಲಿ ಬೇರೊಂದು ವೇಷದಿಂದ ನಡೆಯುತ್ತದೆ. ಆದುದರಿಂದ ಚಿತ್ತಾಲರಲ್ಲಿ ಹನೇಹಳ್ಳಿಯು ಮುಂಬಯಿಗೆ ವಿರುದ್ಧಪದವಲ್ಲ. ಮನುಷ್ಯನು ಮನುಷ್ಯನಿಗೆ ಅಂಜುವ ಬಗೆಯ ಮೊದಲ ಪಾಠ ಅಲ್ಲಿಯದು. ಅದರ ವಿಸ್ತಾರವಾದ ಭಾಷ್ಯ ಮುಂಬಯಿಯದು.

ಶಾಸ್ತ್ರದ ಪ್ರಭಾವವೂ ಗಮನಾರ್ಹವಾಗಿದೆ. ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ದೀರ್ಘವಾದ ಸರಪಳಿಯಾಗುವುದು ಪಾಲಿಮರ್‌ಗಳ ಲಕ್ಷಣ. ನಾಗಪ್ಪನು ತನಗೆ ಒದಗಿದ ಆಪತ್ತನ್ನು ಅರಿಯಲು ಯತ್ನಿಸುವ ಕ್ರಮವೂ ಇಂತಹದೇ. ಹಳೆಯದೊಂದು ನೆನಪು, ಯಾರೋ ಆಡಿದ ಒಂದು ಮಾತು, ಒಂದು ನೋಟ ಇವುಗಳನ್ನು ಅವನು ಬಿಡಿಬಿಡಿಯಾಗಿ ಪರೀಕ್ಷಿಸಿ ಜೋಡಿಸುತ್ತಾನೆ. ಭಯದಿಂದ ತಲ್ಲಣಿಸುವ ಮನಸ್ಸೇ ತನ್ನನ್ನು ತಾನು ಪ್ರಯೋಗಕ್ಕೆ ಒಡ್ಡಿಕೊಳ್ಳುವ ಈ ರೀತಿಯು ಪ್ರಯೋಗಶಾಲೆಯನ್ನು ಬಲ್ಲ ಲೇಖಕನಿಗೆ ಸಹಜವಾದುದು.

ಇಷ್ಟರಿಂದ ನಾಗಪ್ಪನೇ ಚಿತ್ತಾಲರೆಂದು ನಿರ್ಣಯಿಸಲಾಗದು. ಸ್ವಂತ ಅನುಭವವು ಹಾಗೆಯೇ ಉಳಿದರೆ ಅದು ಒಬ್ಬನ ವೃತ್ತಾಂತ ಮಾತ್ರ. ಸಾಧಾರಣೀಕರಣವನ್ನು ಹೊಂದಿದಾಗಲೇ ಅದು ಸಹೃದಯರೆಲ್ಲರಿಗೆ ಆಸ್ವಾದ್ಯವಾಗುವುದೆಂದು ಭಟ್ಟನಾಯಕ ಅಭಿನವಗುಪ್ತಾದಿಗಳ ಮತ. ಕಾರಖಾನೆಯನ್ನಾಗಲಿ ಮುಂಬಯಿಯನ್ನಾಗಲಿ ಕಾಣದ ವಾಚಕನೂ ‘ಶಿಕಾರಿ’ಯನ್ನು ಓದುವಾಗ ತನ್ನ ಬೆನ್ನ ಹಿಂದೆ ಯಾರೋ ನಿಂತಿರುವಂತೆ ಒಮ್ಮೆ ತಿರುಗಿ ನೋಡುತ್ತಾನೆ. ಮರುಕ್ಷಣವೇ, ತಾನೂ ಎಂದೋ ಯಾರದೋ ವಿಷಯದಲ್ಲಿ ಇಂತಹ ಮಾತನ್ನಾಡಿದ್ದುಂಟೇ ಎಂದು ತನ್ನನ್ನು ಕೇಳಿಕೊಳ್ಳುತ್ತಾನೆ. ಬೇಟೆಗೆ ಗುರಿಯಾದವನ ಭಯದೊಡನೆ ಬೇಟೆಗಾರನ ಪಾಪವನ್ನೂ ವಾಚಕನಲ್ಲಿ ಎಚ್ಚರಿಸುವುದರಲ್ಲಿಯೇ ಚಿತ್ತಾಲರ ಸ್ವಾನುಭವವು ಸಾಹಿತ್ಯವಾಗಿ ಸಾರ್ಥಕವಾಗಿದೆ.