ಗೆದ್ದವರಿಲ್ಲದ ಕಾಳಗವೂ ಬಳ್ಳಾರಿಯ ಹತ್ತಿಯೂ

ಬಳ್ಳಾರಿಗೂ ಕಡಲಿಗೂ ಬಹುದೂರ. ಆದರೂ 1862ರ ಮಾರ್ಚ್ 9ರಂದು ಅಮೆರಿಕದ ಹ್ಯಾಂಪ್ಟನ್ ರೋಡ್ಸ್ ಎಂಬ ಕೊಲ್ಲಿಯಲ್ಲಿ ನಡೆದ ನೌಕಾಕಾಳಗಕ್ಕೂ ನಮ್ಮ ಎರೆಹೊಲಗಳಿಗೂ ಒಂದು ನಂಟಿತ್ತು. ಅದು ಹತ್ತಿಯ ನಂಟು.

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಅಧ್ಯಕ್ಷ ಲಿಂಕನ್ 1861ರಲ್ಲಿ ದಿಗ್ಬಂಧನ ವಿಧಿಸಿದರು. ಬ್ರಿಟನ್ನಿನ ಗಿರಣಿಗಳ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ್ದು. ದಿಗ್ಬಂಧನ ಮುರಿಯಲು ದಕ್ಷಿಣದವರು ಅರೆಸುಟ್ಟ ಹಡಗೊಂದಕ್ಕೆ ಕಬ್ಬಿಣದ ಕವಚ ತೊಡಿಸಿ ‘ವರ್ಜೀನಿಯಾ’ ಎಂದು ಹೆಸರಿಟ್ಟರು. ಉತ್ತರದವರು ಕೊಟ್ಟ ಉತ್ತರ ‘ಮಾನಿಟರ್’: ಎರಡೇ ಫಿರಂಗಿ, ಅವೂ ತಿರುಗುವ ಗೋಪುರವೊಂದರೊಳಗೆ.

ಮಾರ್ಚ್ 8ರಂದು ವರ್ಜೀನಿಯಾ ಎರಡು ಮರದ ಹಡಗುಗಳನ್ನು ನಾಶಮಾಡಿತು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಮರುದಿನದ ಕಥೆ ಬೇರೆ.

ಇರಿದ ರಭಸಕ್ಕೆ ವರ್ಜೀನಿಯಾದ ಮೂತಿಯ ಕೊಂಬು ಹಿಂದಿನ ದಿನವೇ ಮುರಿದಿತ್ತು. ಮರದ ಹಡಗುಗಳೇ ಎದುರಾಗುವುವೆಂದು ನಂಬಿ ಅದು ಸಿಡಿಗುಂಡು ತಂದಿತ್ತೇ ಹೊರತು ಕವಚ ಭೇದಿಸುವ ಗಟ್ಟಿಗುಂಡನ್ನಲ್ಲ. ಒಮ್ಮೆ ತಿರುಗಿ ನಿಲ್ಲಲು ಅದಕ್ಕೆ ಅರ್ಧ ಗಂಟೆಗೂ ಹೆಚ್ಚು ಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಹೊರಳಿಸುವುದು ಇದಕ್ಕಿಂತ ಸಲೀಸು. ಮಾನಿಟರ್‌ನ ಗೋಪುರಕ್ಕೆ ತಿರುಗುವುದು ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲ! ದಿಕ್ಕು ತಿಳಿಯಲು ಹಾಕಿದ್ದ ಬಿಳಿಯ ಗುರುತುಗಳು ಆರಂಭದಲ್ಲೇ ಅಳಿಸಿಹೋಗಿ, ಒಳಗಿದ್ದವರಿಗೆ ಎಡಬಲವೇ ತಿಳಿಯದಾಯಿತು. ಗೋಪುರಕ್ಕೆ ಕಪ್ತಾನನ ಆಜ್ಞೆ ಮುಟ್ಟಿಸುವ ಕೊಳವೆಯೂ ಕೈಕೊಟ್ಟಾಗ ಆ ಕೆಲಸ ಬಿದ್ದದ್ದು ಸಂಬಳ ಬಟವಾಡೆಯ ಅಧಿಕಾರಿ ಮತ್ತು ಕಪ್ತಾನನ ಗುಮಾಸ್ತನ ಮೇಲೆ. ಸರ್ಕಾರಿ ಸೇವೆಯಲ್ಲಿ ಸವೆದ ನನಗೆ ಇದು ಅಚ್ಚರಿಯೆನಿಸಲಿಲ್ಲ. ಯುದ್ಧವಿರಲಿ, ಚುನಾವಣೆಯಿರಲಿ, ಕೊನೆಗೆ ಓಡಾಡುವವನು ಗುಮಾಸ್ತನೇ.

ವರ್ಜೀನಿಯಾದ ಅಧಿಕಾರಿಯೊಬ್ಬ ಗುಂಡು ಹಾರಿಸುವುದನ್ನೇ ನಿಲ್ಲಿಸಿದ. ಮದ್ದು ದುಬಾರಿ, ಎರಡು ಮೂರು ನಿಮಿಷಕ್ಕೊಮ್ಮೆ ಚಿಟಿಕೆ ಹೊಡೆದರೂ ಎದುರಾಳಿಗೆ ಇಷ್ಟೇ ಹಾನಿಯಾದೀತು ಎಂಬುದು ಅವನ ಸಮಜಾಯಿಷಿ. ನಡುವೆ ಹಡಗು ನೆಲಕಚ್ಚಿದಾಗ ಉಗಿಯ ಒತ್ತಡ ಏರಿಸಲು ಒಲೆಗೆ ಸುರಿದದ್ದರಲ್ಲಿ ಎಣ್ಣೆ ತೊಯ್ದ ಹತ್ತಿಯೂ ಇತ್ತು. ಯಾವ ಹತ್ತಿಗಾಗಿ ಈ ದಿಗ್ಬಂಧನವೋ ಅದೇ ಹತ್ತಿ!

ಕೆಲವು ಗಂಟೆಗಳ ಬಳಿಕ ಕಪ್ತಾನನ ಕಣ್ಣಿಗೆ ಗಾಯವಾಗಿ ಮಾನಿಟರ್ ತುಸು ಸರಿಯಿತು. ಅದು ಓಡಿತೆಂದು ವರ್ಜೀನಿಯಾ ಹಿಂದಿರುಗಿತು. ಇದು ಓಡಿತೆಂದು ಮಾನಿಟರ್ ಬೀಗಿತು. ಆ ದಿನ ಎರಡರಲ್ಲೂ ಒಬ್ಬನೂ ಸಾಯಲಿಲ್ಲ. ಮೇ ತಿಂಗಳಲ್ಲಿ ವರ್ಜೀನಿಯಾವನ್ನು ಅದರವರೇ ಸ್ಫೋಟಿಸಿದರು. ಡಿಸೆಂಬರ್ 31ರಂದು ಮಾನಿಟರ್ ಬಿರುಗಾಳಿಗೆ ಸಿಕ್ಕಿ ಮುಳುಗಿತು.

ದಿಗ್ಬಂಧನ ಮಾತ್ರ ಮುರಿಯಲಿಲ್ಲ. 1864ರ ವೇಳೆಗೆ ಲಿವರ್‌ಪೂಲಿನಲ್ಲಿ ಅಮೆರಿಕದ ಹತ್ತಿಯ ಬೆಲೆ ಯುದ್ಧಪೂರ್ವದ ಸುಮಾರು ನಾಲ್ಕು ಪಟ್ಟಾಯಿತು. ಭಾರತದ ಹತ್ತಿಯೂ ಅದರ ಬೆನ್ನುಹತ್ತಿತು. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿಗೆ ಆಗಿನ್ನೂ ರೈಲಿಲ್ಲ. ಇಂದು ಭತ್ತಕ್ಕೆ ಹೆಸರಾದ ಸಿರುಗುಪ್ಪದ ಕಡೆಯೂ ಕಾಲುವೆ ಮುಟ್ಟದ ಎರೆಯಲ್ಲಿ ಬೆಳೆಯುತ್ತಿದ್ದುದು ಜೋಳ, ಹತ್ತಿ. ಆ ಅರಳೆ ಎತ್ತಿನ ಗಾಡಿಯೇರಿ ಹೊರಟಿತು. ಮಾನಿಟರ್ ಎಂಬ ಹೆಸರನ್ನೇ ಕೇಳದ ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿತು.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಕುಸಿಯಿತು. ರೈತವಾರಿ ಪದ್ಧತಿಯಲ್ಲಿ ಪೇಟೆಯ ದರದೊಡನೆ ಕಂದಾಯ ಇಳಿಯುವ ಕ್ರಮವಿರಲಿಲ್ಲ. 1876ರಲ್ಲಿ ಮಳೆ ಕೈಕೊಟ್ಟಿತು. 1881ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷಗಳ ಹಿಂದಿನದಕ್ಕಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ ಇತ್ತು.