ಚೌಕಟ್ಟಿನೊಳಗೆ ಏನಿರಬೇಕು?

ಹೇಮಾವತಿ ನದಿಯು ಹುಟ್ಟುವ ಜಾವಳಿಗೆ ಹೋಗಿ ಬಂದ ವಿದ್ಯಾರ್ಥಿಗಳು ನಮಗೆ ತೋರಿಸುವ ಛಾಯಾಚಿತ್ರಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. ಗೆಳೆಯನ ಮುಖವು ಚಿತ್ರದ ನಟ್ಟನಡುವೆ ಇರುತ್ತದೆ. ತಲೆಯ ಮೇಲೆ ಬರಿಯ ಬಿಳಿಯ ಮಂಜು. ಕಾಲುಗಳು ಮೊಣಕಾಲಿನಲ್ಲಿಯೇ ಕಡಿದುಹೋಗಿರುತ್ತವೆ. ಹೀಗೇಕೆ? ನಮ್ಮ ಕಣ್ಣು ಒಂದು ಸಲಕ್ಕೆ ಸುಮಾರು ಎರಡು ಡಿಗ್ರಿಯಷ್ಟು ಕೋನವನ್ನು ಮಾತ್ರ ಬಹು ಸ್ಪಷ್ಟವಾಗಿ ಕಾಣಬಲ್ಲುದು. ಗೆಳೆಯನ ಮುಖದಲ್ಲಿ ನೆಟ್ಟ ದೃಷ್ಟಿಗೆ ಉಳಿದುದು ಗೋಚರಿಸುವುದೇ ಇಲ್ಲ. ಕ್ಯಾಮೆರಾಕ್ಕಾದರೋ ಇಂತಹ ಪಕ್ಷಪಾತವಿಲ್ಲ. ಮಂಜನ್ನೂ ಮುಖವನ್ನೂ ಅದು ಸಮನಾಗಿ ದಾಖಲಿಸುತ್ತದೆ.

ವಸ್ತುವನ್ನು ಎಲ್ಲಿರಿಸಬೇಕೆಂಬುದಕ್ಕೆ ಮೂರರ ಸೂತ್ರವೊಂದುಂಟು. ಜಾನ್ ಥಾಮಸ್ ಸ್ಮಿತ್ ಎಂಬ ಆಂಗ್ಲ ಚಿತ್ರಕಾರನು 1797ರಲ್ಲಿಯೇ ಇದಕ್ಕೆ ಹೆಸರಿಟ್ಟನು. 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಚೌಕಟ್ಟನ್ನು ಎರಡು ಅಡ್ಡಗೆರೆ, ಎರಡು ಉದ್ದಗೆರೆಗಳಿಂದ ಒಂಬತ್ತು ಸಮಭಾಗ ಮಾಡಿದರೆ ಗೆರೆಗಳು ನಾಲ್ಕು ಕಡೆ ಸಂಧಿಸುತ್ತವೆ. ಮುಖ್ಯ ವಸ್ತುವು ಈ ಸಂಧಿಗಳಲ್ಲೊಂದರ ಬಳಿ ಇದ್ದರೆ ಚೆನ್ನ. ಹೂಮಳೆ ಬಿದ್ದು ಕಾಫಿತೋಟ ಬೆಳ್ಳಗೆ ಅರಳಿರುವಾಗ ಆಕಾಶಕ್ಕೆ ಮೇಲಿನ ಒಂದು ಪಾಲು ಸಾಕು. ತೋಟಕ್ಕೆ ಎರಡು ಪಾಲು ಸಲ್ಲಲಿ. ಎಡಕ್ಕೆ ನೋಡುತ್ತಿರುವ ಹಕ್ಕಿಯನ್ನು ಬಲಬದಿಗಿರಿಸಿ, ಅದರ ನೋಟದ ಮುಂದೆ ತೆರಪು ಬಿಡಬೇಕು. ಆದರೆ ಇದು ನ್ಯೂಟನ್ನನ ನಿಯಮದಂತಹುದಲ್ಲ. ನಿಶ್ಚಲವಾದ ಕೆರೆಯಲ್ಲಿ ಬೆಟ್ಟವು ಪ್ರತಿಬಿಂಬಿಸಿದ್ದರೆ ನೀರಿನ ಅಂಚನ್ನು ನಡುವಿನಲ್ಲಿಯೇ ಇರಿಸುವುದು ಸರಿ.

ಹಕ್ಕಿಗಳು ನಾವು ಹೇಳಿದಲ್ಲಿ ಕೂರುವುದಿಲ್ಲ. ಮೂಡಿಗೆರೆಯಲ್ಲಿ ನೆಲೆಸಿ ಹಕ್ಕಿಗಳ ಚಿತ್ರ ತೆಗೆದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ (1938–2007) ಹವ್ಯಾಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು, ಪೊದೆಯ ಮುಂದೆ ಒಂದು ಗಂಟೆ ಕುಳಿತವರೆಲ್ಲ ಬಲ್ಲರು. ಅಷ್ಟಾದರೂ ಹಕ್ಕಿಯು ಚಿತ್ರದಲ್ಲಿ ಚುಕ್ಕೆಯಾದರೆ ಅಂಚುಗಳನ್ನು ಕತ್ತರಿಸುವುದೇ ಉಪಾಯ. ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಚಿತ್ರದಲ್ಲಿ 6000 × 4000, ಎಂದರೆ 2.4 ಕೋಟಿ ಬಿಂದುಗಳಿವೆ ಎನ್ನೋಣ. ಅಗಲ, ಎತ್ತರಗಳನ್ನು ಅರ್ಧಕ್ಕಿಳಿಸಿದರೆ ಉಳಿಯುವುದು 60 ಲಕ್ಷ, ಕಾಲುಭಾಗ ಮಾತ್ರ. ಅಂಗುಲಕ್ಕೆ 300 ಬಿಂದುಗಳಂತೆ 20 ಅಂಗುಲ ಅಗಲಕ್ಕೆ ಮುದ್ರಿಸಬಹುದಾಗಿದ್ದುದು ಈಗ 10 ಅಂಗುಲಕ್ಕೆ ನಿಲ್ಲುತ್ತದೆ. ಹಿಂದಿನ ಅಳತೆಗೇ ಹಿಗ್ಗಿಸಿದರೆ ಕೈನಡುಕದ ಮಸುಕೂ ಇಮ್ಮಡಿಯಾಗುತ್ತದೆ.

ಕತ್ತರಿಸುವುದು ಸಮೀಪಕ್ಕೆ ಹೋದಂತೆಯೇ ಎಂದು ಹಲವರು ತಿಳಿಯುತ್ತಾರೆ, ಇದು ತಪ್ಪು. ಒಂದೇ ಎತ್ತರದ ಎರಡು ಸಿಲ್ವರ್ ಓಕ್ ಮರಗಳು 10 ಮತ್ತು 40 ಮೀಟರ್ ದೂರದಲ್ಲಿದ್ದರೆ ಅವುಗಳ ಬಿಂಬಗಳ ಪ್ರಮಾಣ 4:1. ಎಷ್ಟೇ ಕತ್ತರಿಸಿದರೂ ಇದು ಬದಲಾಗದು. ನಾವೇ 20 ಮೀಟರ್ ಹಿಂದೆ ಸರಿದರೆ ದೂರಗಳು 30 ಮತ್ತು 60 ಆಗಿ ಪ್ರಮಾಣವು 2:1ಕ್ಕಿಳಿಯುತ್ತದೆ. ಅದನ್ನು ಬದಲಿಸುವುದು ಕತ್ತರಿಯಲ್ಲ, ಕಾಲು.

ಇನ್ನೊಂದು ಸಂಗತಿಯುಂಟು, ನಮಗೆ ಇದೇ ಮುಖ್ಯವೆನಿಸುತ್ತದೆ. 2019ರ ಆಗಸ್ಟಿನ ಮಹಾಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳ ಕಡೆ ಗುಡ್ಡಗಳು ಕುಸಿದು ಮನೆ, ತೋಟಗಳು ಹಾಳಾದುವು. ಇಂತಹ ಕುಸಿತದ ಚಿತ್ರದ ಮೂಲೆಯಲ್ಲಿ ಒಂದು ಮನೆಯಿದೆ ಎಂದಿಟ್ಟುಕೊಳ್ಳೋಣ. ಅದರ 2 ಮೀಟರ್ ಬಾಗಿಲು ಚಿತ್ರದಲ್ಲಿ 20 ಬಿಂದುಗಳಷ್ಟಿದ್ದು, ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿರುವ ಕುಸಿತವು 900 ಬಿಂದುಗಳೆತ್ತರವಿದ್ದರೆ ಅದು ಸುಮಾರು 90 ಮೀಟರ್ ಎಂದು ಲೆಕ್ಕ ಹಾಕಬಹುದು. ಅಂದವಾಗಲೆಂದು ಮನೆಯನ್ನು ಕತ್ತರಿಸಿ ತೆಗೆದರೆ ಉಳಿಯುವುದು ಕೆಂಪು ಮಣ್ಣು. ಅದು ರಸ್ತೆಬದಿಯ ದರೆಯೋ, ಇಡೀ ಗುಡ್ಡವೋ ತಿಳಿಯದು. ಇಕ್ಕೆಲಗಳಲ್ಲಿ ಉಳಿದಿರುವ ಹಸಿರು ತೋಟವನ್ನು ತೆಗೆದರಂತೂ ಊರೇ ಕೊಚ್ಚಿಹೋದಂತೆ ತೋರುತ್ತದೆ. ದೂರದ ಊರಿನಲ್ಲಿ ಆ ಚಿತ್ರವನ್ನು ನೋಡುವ ಬಂಧುಗಳ ಗತಿಯೇನು?

ಮೂಲಚಿತ್ರವನ್ನು ಹಾಗೆಯೇ ಉಳಿಸಿ ಪ್ರತಿಯನ್ನು ಮಾತ್ರ ಕತ್ತರಿಸಬೇಕು. ಅಭ್ಯಾಸಕ್ಕೆ L ಆಕಾರದ ಎರಡು ರಟ್ಟಿನ ತುಂಡುಗಳು ಸಾಕು. ಅವುಗಳನ್ನು ಎದುರುಬದುರಾಗಿ ಮುದ್ರಿತ ಚಿತ್ರದ ಮೇಲಿರಿಸಿ, ಒಳಕ್ಕೂ ಹೊರಕ್ಕೂ ಸರಿಸುತ್ತ ನೋಡಿರಿ.