ಟೈರ್ ಹೋದರೆ ಹೋಗಲಿ, ಜೀವ ಹೋಗಬಾರದು!

ನಂದಿದುರ್ಗ (ಕೆ.ಜಿ.ಎಫ್.): ಬೆಳಗಿನ ಜಾವ ಐದು ಗಂಟೆ ಅಂತಿಟ್ಟುಕೊಳ್ಳಿ. ಬಂಗಾರಪೇಟೆಯಲ್ಲಿ ರೈಲು ಹಿಡಿಯಬೇಕು. ಮನೆಮಂದಿಯೆಲ್ಲಾ ಕಾರು ಹತ್ತಿ ಆಗಿದೆ. ಅರ್ಧ ದಾರಿಯಲ್ಲಿ ದಬದಬ ಸದ್ದು, ಸ್ಟಿಯರಿಂಗ್ ಒಂದೇ ಕಡೆಗೆ ಎಳೆಯುತ್ತೆ. ಪಂಚರ್! ರೈಲು ತಪ್ಪುತ್ತಲ್ಲಾ ಎಂಬ ಗಾಬರಿಯಲ್ಲಿ ಯಜಮಾನರು ಗಾಡಿಯನ್ನು ಅಲ್ಲೇ ಟಾರು ರಸ್ತೆಯಲ್ಲೇ ನಿಲ್ಲಿಸಿ ಜಾಕಿಗೆ ಕೈ ಹಾಕುತ್ತಾರೆ. ಆ ಕತ್ತಲಲ್ಲಿ ಹಿಂದಿನಿಂದ ನಿದ್ದೆಗಣ್ಣಿನ ಲಾರಿ ಬಂದರೆ?

ನೋಡಿ ಸ್ವಾಮಿ, ಪಂಚರಿಗಿಂತ ಅದರ ಹಿಂದೆ ಬರೋ ಅವಸರವೇ ದೊಡ್ಡ ಅಪಾಯ.

ಈ ಮಾತನ್ನು ನಂದಿದುರ್ಗದವರಿಗೆ ಹೊಸದಾಗಿ ಹೇಳಬೇಕಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಬಾಗಿಲು ಹಾಕುವ ತನಕ ಇಲ್ಲಿನ ತಲೆಮಾರುಗಳು ನೆಲದಡಿಯಲ್ಲೇ ದುಡಿದವು. ಆಸರೆ ಕೊಡದ ಬಂಡೆಯ ಕೆಳಗೆ ನಿಲ್ಲಬಾರದು ಅನ್ನೋದು ಗಣಿಯ ಪಾಠ. ಜಾಕಿಯ ಮೇಲೆ ನಿಂತ ಕಾರಿಗೂ ಅದೇ ಪಾಠ.

ಮೊದಲು ಜಾಗ

ಟೈರ್ ಹೋಯಿತೆಂದು ಬ್ರೇಕನ್ನು ಜೋರಾಗಿ ತುಳಿಯಬಾರದು. ವೇಗ ಇಳಿಸಿ, ನಿಧಾನವಾಗಿ ಎಡಕ್ಕೆ ತಂದು, ಗಟ್ಟಿ ನೆಲದ ಸಮತಟ್ಟು ಜಾಗ ನೋಡಬೇಕು. ತಿರುವು, ಇಳಿಜಾರು, ಸೇತುವೆ ಬೇಡ. ಹತ್ತು ಮಾರು ಹೆಚ್ಚು ಓಡಿಸಿ ಡಿಸ್ಕ್ ಸೊಟ್ಟಗಾದರೂ ಚಿಂತೆಯಿಲ್ಲ. ಅದು ದುಡ್ಡಿಗೆ ಸಿಗುತ್ತೆ.

ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಎಡಗಡೆಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಲಿ. ಕೆಂಪು ತ್ರಿಕೋನವನ್ನು ಐವತ್ತು ಹೆಜ್ಜೆ ಹಿಂದೆ ಇಡಿ. ಬಲಗಡೆಯ ಚಕ್ರವಾದರೆ ಎರಡು ಪಟ್ಟು ಎಚ್ಚರ. ಕೂತವರ ಬೆನ್ನು ಬರುವ ವಾಹನಗಳ ಕಡೆಗೇ ಇರುತ್ತೆ! ಗಾಡಿಯನ್ನು ಇನ್ನಷ್ಟು ಎಡಕ್ಕೆ ತರಲು ಜಾಗವಿಲ್ಲದಿದ್ದರೆ ಬಿಚ್ಚುವ ಗೋಜೇ ಬೇಡ.

ಬೇತಮಂಗಲದ ಬಳಿಯ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಂತೂ ಸ್ವಂತ ರಿಪೇರಿ ಸಲ್ಲದು. ಇಳಿದು, ಬದಿಯ ತಡೆಬೇಲಿಯ ಆಚೆ ನಿಂತು, ಹೆದ್ದಾರಿಯ ಸಹಾಯವಾಣಿ 1033ಕ್ಕೆ ಫೋನ್ ಮಾಡುವುದೇ ಜಾಣತನ.

ಆಮೇಲೆ ಜಾಕಿ

ಹ್ಯಾಂಡ್‌ಬ್ರೇಕ್ ಎಳೆದು ಫಸ್ಟ್ ಗೇರಿಗೆ ಹಾಕಿ. ಪಂಚರಾದ ಚಕ್ರಕ್ಕೆ ಓರೆಯಾಗಿ ಎದುರಿರುವ ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಗಾಡಿ ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ. ಎತ್ತಿದ ಮೇಲೆ ಸ್ಪ್ಯಾನರ್ ಹಾಕಿ ಜಗ್ಗಿದರೆ ಜಾಕಿ ಜಾರುತ್ತೆ. ಮಣ್ಣು ಮೆತ್ತಗಿದ್ದರೆ ಜಾಕಿಯ ಕೆಳಗೆ ಗಟ್ಟಿ ಹಲಗೆ ಇರಲಿ.

ಎತ್ತುವಾಗ ಕಾರಿನೊಳಗೆ ಯಾರೂ ಇರಬಾರದು. ಕೈ, ಕಾಲು, ತಲೆ ಯಾವುದೂ ಕೆಳಗೆ ಹೋಗಬಾರದು. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ತಳ್ಳಿ. ಜಾಕಿ ಕೈಕೊಟ್ಟರೂ ಗಾಡಿ ಅದರ ಮೇಲೆ ನಿಲ್ಲುತ್ತೆ. ಇದೇ ಗಣಿಯ ಆಸರೆ!

ಹೊಸ ಚಕ್ರ ಹಾಕಿ, ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ. ಅಡಿಗೆ ತಳ್ಳಿದ ಚಕ್ರ ತೆಗೆದು, ಗಾಡಿ ಇಳಿಸಿದ ಮೇಲೆ ಎದುರುಬದುರಾಗಿ ಬಿಗಿ ಮಾಡಿ. ಒಂದರ ಪಕ್ಕ ಒಂದರಂತೆ ಬಿಗಿದರೆ ಚಕ್ರ ಸರಿಯಾಗಿ ಕೂರುವುದಿಲ್ಲ. ಸ್ವಲ್ಪ ದೂರ ಓಡಿದ ಮೇಲೆ ಇನ್ನೊಮ್ಮೆ ನೋಡಿ.

ಕಲ್ಲು ಬಿಟ್ಟು ಹೋಗಬೇಡಿ

ತ್ರಿಕೋನ ಇಲ್ಲವೆಂದು ರಸ್ತೆಗೆ ಕಲ್ಲು, ಸೊಪ್ಪು ಇಡುವವರೇ ಹೆಚ್ಚು. ಕೆಲಸ ಮುಗಿದ ಮೇಲೆ ಕಲ್ಲು ಅಲ್ಲೇ! ರಾತ್ರಿ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಮನೆಗೆ ಹೋಗುವವರು ಅದಕ್ಕೇ ಬೀಳೋದು. ಹೊರಡುವ ಮುಂಚೆ ಪ್ರತಿಯೊಂದು ಕಲ್ಲನ್ನೂ ಬದಿಗೆ ಹಾಕುವುದು ಕರ್ತವ್ಯ.

ಬಸ್ಸಿಗೆ ಕಾಯುತ್ತಾ ನಿಂತವರು ನೆರವಿಗೆ ಓಡಿ ಬರುತ್ತಾರೆ. ಒಳ್ಳೆಯದೇ. ಆದರೆ ಹಿಂದಿನ ದೀಪಕ್ಕೆ ಅಡ್ಡ ನಿಂತರೆ ನೆರವೇ ಕೇಡಾಗುತ್ತೆ. ಒಬ್ಬರು ರಸ್ತೆ ಬದಿಯಲ್ಲಿ ದೂರ ನಿಂತು ಟಾರ್ಚ್ ಬೀಸಲಿ, ಸಾಕು.

ಸ್ಟೆಪ್ನಿ ಕಥೆ

ಸ್ಟೆಪ್ನಿ ಅನ್ನೋದು ಬ್ರಿಟನ್ನಿನ ವೇಲ್ಸ್ ಸೀಮೆಯ ಒಂದು ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿ ಹುಟ್ಟಿದ ಹೆಚ್ಚುವರಿ ಚಕ್ರಕ್ಕೆ ಆ ಹೆಸರೇ ನಿಂತಿತು. ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿದ ಸ್ಟೆಪ್ನಿಯಲ್ಲೇ ಗಾಳಿ ಇಲ್ಲದಿದ್ದರೆ ಇದ್ದೇನು ಫಲ? ತಿಂಗಳಿಗೊಮ್ಮೆ ಅದಕ್ಕೂ ಗಾಳಿ ಹಿಡಿಸಿ. 2020ರ ನಿಯಮ ಬದಲಾವಣೆಯ ನಂತರ ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ರಿಪೇರಿ ಕಿಟ್ ಮಾತ್ರ. ನಿಮ್ಮ ಡಿಕ್ಕಿಯಲ್ಲಿ ಯಾವುದಿದೆ, ಇವತ್ತೇ ತೆಗೆದು ನೋಡಿ.

ರೈಲು ತಪ್ಪಿದರೆ ಇನ್ನೊಂದು ಬರುತ್ತೆ. ಸ್ಟೆಪ್ನಿ ಇರೋದು ಕಾರಿಗೆ ಮಾತ್ರ!